ಗುರುತಿಲ್ಲದ ಹಣ್ಣಿನ ಮರವನ್ನು ಗುರುತಿಸುವ ಕ್ರಮ: ಚಿತ್ರದುರ್ಗ, ದಾವಣಗೆರೆ ಸೀಮೆಯವರಿಗೆ

ಹೊಲದ ಬದುವಿನಲ್ಲೋ ಗುಡ್ಡದ ಓರೆಯಲ್ಲೋ ಹೆಸರು ತಿಳಿಯದ ಮರವೊಂದು ಹಣ್ಣು ಬಿಟ್ಟಿರುವುದನ್ನು ಕಂಡಾಗ ಮೊದಲು ಹೊಳೆಯುವ ಪ್ರಶ್ನೆ ಅದನ್ನು ತಿನ್ನಬಹುದೇ ಎಂಬುದು. ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಮರ ಇಂಥದೇ ಎಂದು ಖಚಿತವಾದ ಮೇಲೆಯೇ ಅದರ ಹಣ್ಣಿನ ಯಾವ ಭಾಗವನ್ನು, ಯಾವ ಹದದಲ್ಲಿ, ಹೇಗೆ ತಿನ್ನುತ್ತಾರೆ ಎಂಬುದನ್ನು ವಿಚಾರಿಸಲು ಸಾಧ್ಯ. ಆದುದರಿಂದ ಗುರುತಿಸುವ ಕೆಲಸ ಮುಗಿಯುವವರೆಗೆ ಹಣ್ಣನ್ನು ಬಾಯಿಗಿಡದಿರುವುದು, ನಾಲಿಗೆಯ ತುದಿಗೂ ಮುಟ್ಟಿಸದಿರುವುದು ಈ ಕ್ರಮದ ಮೊದಲ ನಿಯಮ. ಎರಡನೆಯದು, ಹಣ್ಣನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಂಡು ಎಲೆಯಿಂದ ಆರಂಭಿಸುವುದು. ಏಕೆಂದರೆ ಬಣ್ಣದಲ್ಲಿ, ಗಾತ್ರದಲ್ಲಿ ಒಂದನ್ನೊಂದು ಹೋಲುತ್ತ ನೋಡುವವರಿಗೆ ಚಳ್ಳೆಹಣ್ಣು ತಿನ್ನಿಸುವುದರಲ್ಲಿ ಹಣ್ಣುಗಳಿಗೆ ಸಮನಾದದ್ದು ಗಿಡದ ಬೇರೆ ಯಾವ ಅಂಗವೂ ಇಲ್ಲ.

ಮರ ನಿಂತಿರುವ ನೆಲ

ಮರ ತಾನಾಗಿ ಹುಟ್ಟಿದ್ದೋ ಯಾರೋ ನೆಟ್ಟದ್ದೋ ಎಂಬುದನ್ನು ಮೊದಲು ಗಮನಿಸಬೇಕು. ಜೋಗಿಮಟ್ಟಿಯ ಗುಡ್ಡಗಳು, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು, ಮೊಳಕಾಲ್ಮೂರು ಮತ್ತು ಚಳ್ಳಕೆರೆ ಕಡೆಯ ಕಾವಲುಗಳು ಮಳೆ ಕಡಿಮೆಯಿರುವ ನೆಲೆಗಳು. ಇಲ್ಲಿ ತಾವಾಗಿ ಬೆಳೆಯುವ ಹಣ್ಣಿನ ಗಿಡಗಳ ಪಟ್ಟಿ ದೊಡ್ಡದಲ್ಲ. ಬೋರೆ, ಕಾರೆ, ಕವಳೆ, ಬಿಕ್ಕೆ, ಬೇಲ, ತೂಬರೆ, ನೆಲ್ಲಿ, ಸೀತಾಫಲ, ಚಳ್ಳೆ, ತಡಸಲು ಮೊದಲಾದ ಕೆಲವನ್ನು ಚೆನ್ನಾಗಿ ಬಲ್ಲವರಿಗೆ ಗುಡ್ಡದಲ್ಲಿ ಕಾಣುವ ಬಹುಪಾಲು ಹಣ್ಣಿನ ಗಿಡಗಳು ಪರಿಚಿತವೇ ಆಗಿಬಿಡುತ್ತವೆ. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆಗಳ ಅಡಿಕೆ ತೋಟಗಳ ಕಡೆಗೆ ಹೋದಂತೆ ಪಟ್ಟಿ ಬೆಳೆಯುತ್ತದೆ.

ಊರೊಳಗಿನ ಮರ ಇದಕ್ಕಿಂತ ಕಠಿಣವಾದ ಒಗಟು. ಬಡಾವಣೆಯ ರಸ್ತೆ, ಉದ್ಯಾನ, ಕಾಲೇಜಿನ ಆವರಣ, ದೇವಸ್ಥಾನದ ಅಂಗಳಗಳಲ್ಲಿ ನಿಂತಿರುವ ಮರ ಯಾವ ಖಂಡದಿಂದ ಬೇಕಾದರೂ ಬಂದಿರಬಹುದು. ಉದಾಹರಣೆಗೆ ದಾವಣಗೆರೆಯ ಮಕ್ಕಳು ಆಯ್ದು ತಿನ್ನುವ ಗಸಗಸೆ ಹಣ್ಣಿನ ಮರವೂ, ಪೂಜೆಯ ಹೂವಿಗಾಗಿ ಬೆಳೆಸುವ ಹಳದಿ ಕಣಗಿಲೆಯೂ ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದವು. ಮೊದಲನೆಯದರ ಕೆಂಪು ಹಣ್ಣು ನಿರಪಾಯಕಾರಿ, ಎರಡನೆಯದರ ಕಾಯಿ ಮಾರಣಾಂತಿಕ. ಎರಡೂ ಒಂದೇ ಬೇಲಿಯ ಬದಿಗೆ ನಿಂತಿರುವುದು ಅಪರೂಪವೇನಲ್ಲ.

ಎಲೆಯನ್ನು ಓದುವುದು

ಕೈಗೆ ಸಿಕ್ಕ ಹಸಿರು ತುಂಡು ಇಡೀ ಎಲೆಯೋ ಎಲೆಯೊಂದರ ಭಾಗವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ತೊಟ್ಟು ರೆಂಬೆಗೆ ಸೇರುವ ಕಂಕುಳಿನಲ್ಲಿ ಸಣ್ಣ ಮೊಗ್ಗು ಇದ್ದರೆ ಅಲ್ಲಿಂದಾಚೆಗಿನದೆಲ್ಲ ಒಂದು ಎಲೆ. ಮೊಗ್ಗು ಇಲ್ಲದಿದ್ದರೆ ಅದು ಸಂಯುಕ್ತ ಎಲೆಯ ಒಂದು ಕಿರುಎಲೆ. ಈ ಒಂದು ಪರೀಕ್ಷೆ ಮಾಡದ ಕಾರಣಕ್ಕೆ ಅರ್ಧಕ್ಕರ್ಧ ಗುರುತುಗಳು ತಪ್ಪುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು. ಬೇವು ಮತ್ತು ಹುಚ್ಚುಬೇವಿನ ವ್ಯತ್ಯಾಸ ಇಲ್ಲಿಯೇ ತಿಳಿಯುತ್ತದೆ. ಬೇವಿನ ಎಲೆಯಲ್ಲಿ ಒಂದೇ ನಡುದಂಟಿದ್ದು, ಗರಗಸದಂಚಿನ ಕಿರುಎಲೆಗಳು ಅದರ ಎರಡು ಬದಿಗೆ ಸಾಲಾಗಿರುತ್ತವೆ. ಹುಚ್ಚುಬೇವಿನಲ್ಲಿ ನಡುದಂಟು ಮತ್ತೆ ಕವಲೊಡೆದು ಆ ಕವಲುಗಳ ಮೇಲೆ ಕಿರುಎಲೆಗಳಿರುತ್ತವೆ, ಹೂವು ತಿಳಿನೇರಳೆ ಬಣ್ಣದ್ದು, ಹಳದಿ ಹಣ್ಣಿನ ಗೊಂಚಲುಗಳು ಎಲೆ ಉದುರಿದ ಮೇಲೂ ಮರದಲ್ಲೇ ಉಳಿಯುತ್ತವೆ. ಬೇವಿನ ಮಾಗಿದ ಹಣ್ಣಿನ ತಿರುಳನ್ನು ಚೀಪುವ ರೂಢಿ ನಮ್ಮಲ್ಲಿದೆ. ಹುಚ್ಚುಬೇವಿನ ಹಣ್ಣು ಮನುಷ್ಯರಿಗೆ ವಿಷ.

ಅನಂತರ ಎಲೆಗಳ ಜೋಡಣೆ. ಒಂದೇ ಗಿಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆಗಳಿವೆಯೋ, ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಬಂದಿವೆಯೋ ಎಂಬುದನ್ನು ಹಲವು ರೆಂಬೆಗಳಲ್ಲಿ ನೋಡಬೇಕು. ಎದುರುಬದುರು ಎಲೆಗಳ ನಡುವೆ, ರೆಂಬೆಗೆ ಅಂಟಿದಂತೆ, ಸಣ್ಣ ತ್ರಿಕೋನದ ಸಿಪ್ಪೆಯಂಥ ಅಂಗವಿದ್ದರೆ ಅದು ಕಾಫಿಯ ಕುಟುಂಬ ಎಂದು ಬಹುಮಟ್ಟಿಗೆ ಹೇಳಬಹುದು.

ಈ ಕುಟುಂಬವನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ನಮ್ಮ ಗುಡ್ಡಗಳ ಮೂರು ಗಿಡಗಳು ಅದರಲ್ಲಿವೆ: ಕಾರೆ, ಬಿಕ್ಕೆ, ಮಂಗಾರೆ. ಕಾರೆ ಮುಳ್ಳಿನ ಪೊದೆ. ಅದರ ಪುಟ್ಟ ಹಳದಿ ಹಣ್ಣಿನೊಳಗೆ ಎರಡು ಬೀಜಗಳಿದ್ದು, ದನ ಕಾಯುವ ಹುಡುಗರು ತಲೆಮಾರುಗಳಿಂದ ತಿಂದುಕೊಂಡು ಬಂದಿರುವ ಹಣ್ಣು ಅದು. ಬಿಕ್ಕೆಗೆ ಮುಳ್ಳಿಲ್ಲ, ಚಿಗುರಿನ ತುದಿಯಲ್ಲಿ ಹಳದಿ ಅಂಟು ಒಸರಿರುತ್ತದೆ, ಹಣ್ಣಿನೊಳಗೆ ಬಹಳ ಬೀಜಗಳಿರುತ್ತವೆ, ಅದನ್ನೂ ತಿನ್ನುತ್ತಾರೆ. ಮಂಗಾರೆಗೆ ನೇರವಾದ ಗಟ್ಟಿ ಮುಳ್ಳುಗಳಿದ್ದು, ಎಲೆಗಳು ಗಿಡ್ಡ ಕವಲುಗಳ ತುದಿಯಲ್ಲಿ ಗುಂಪಾಗಿರುತ್ತವೆ, ಬಿಳಿ ಹೂವು ಬಾಡುತ್ತ ಹಳದಿಯಾಗುತ್ತದೆ, ಹಣ್ಣು ಪುಟ್ಟ ಪೇರಲವೇ ಎಂಬಂತೆ ತುದಿಯಲ್ಲಿ ಕಿರೀಟ ಹೊತ್ತಿರುತ್ತದೆ. ಆಯುರ್ವೇದದಲ್ಲಿ ಮದನಫಲವೆಂದು ಹೆಸರಾದ ಇದು ವಾಂತಿ ಬರಿಸುವ ಔಷಧ. ಇದರ ಕಾಯನ್ನು ಜಜ್ಜಿ ನೀರಿಗೆ ಹಾಕಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುತ್ತಿದ್ದುದೂ ಉಂಟು. ಕೆಲವು ಊರುಗಳಲ್ಲಿ ಮಂಗಾರೆಯ ಕಾಯನ್ನೇ ‘ಕಾರೆಕಾಯಿ’ ಎಂದು ಕರೆಯುತ್ತಾರಾದ್ದರಿಂದ, ‘ಕಾರೆ ತಿನ್ನಬಹುದು’ ಎಂಬ ಮಾತನ್ನು ಗಿಡ ನೋಡದೆ ಒಪ್ಪಿಕೊಳ್ಳುವಂತಿಲ್ಲ. ಕುಟುಂಬ ಒಂದೇ ಎಂದು ತಿಳಿದರೆ ಹುಡುಕಾಟ ಕಿರಿದಾಗುತ್ತದೆ, ಅಷ್ಟೇ. ತಿನ್ನುವ ಮಾತು ಅಲ್ಲಿ ತೀರ್ಮಾನವಾಗುವುದಿಲ್ಲ.

ಎಲೆಯ ನರಗಳನ್ನೂ ನೋಡಬೇಕು. ಬೋರೆಯ ಎಲೆಯಲ್ಲಿ ಬುಡದಿಂದಲೇ ಮೂರು ನರಗಳು ಹೊರಟು ತುದಿಯ ಕಡೆಗೆ ಬಾಗುತ್ತವೆ. ಉಗ್ರ ವಿಷದ ಬೀಜವಿರುವ ಕಾಸರಕದ ಎಲೆಯಲ್ಲಿಯೂ ಮೂರರಿಂದ ಐದು ನರಗಳು ಹಾಗೆಯೇ ಬುಡದಿಂದ ಹೊರಡುತ್ತವೆ. ಆದರೆ ಬೋರೆಯ ಎಲೆಗಳು ಪರ್ಯಾಯ, ತಳಭಾಗ ಬಿಳಿಯ ನವಿರಿನಿಂದ ಕೂಡಿದ್ದು, ರೆಂಬೆಯಲ್ಲಿ ಮುಳ್ಳುಗಳಿರುತ್ತವೆ. ಕಾಸರಕದ ಎಲೆಗಳು ಎದುರುಬದುರು, ಎರಡೂ ಬದಿ ನುಣುಪು, ಮೇಲ್ಭಾಗ ಹೊಳಪು. ಒಂದು ಲಕ್ಷಣ ಹೊಂದಿದ ಮಾತ್ರಕ್ಕೆ ಗುರುತು ಆಯಿತೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜೋಡಿ ಸಿಗುವುದು ಕಷ್ಟ. ಮೂರೋ ನಾಲ್ಕೋ ಬೇರೆಬೇರೆ ಲಕ್ಷಣಗಳು ಒಂದೇ ಹೆಸರಿನ ಕಡೆಗೆ ಬೆರಳು ತೋರಿಸಬೇಕು.

ಎಲೆಯನ್ನು ಹಿಸುಕಿ ಮೂಸುವುದು ಒಳ್ಳೆಯ ಉಪಾಯ. ಬೇಲ, ಬಿಲ್ವ, ನಿಂಬೆ, ಕರಿಬೇವು ಒಂದೇ ಕುಟುಂಬದವು. ಅವುಗಳ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಸಣ್ಣ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ, ಹಿಸುಕಿದರೆ ಘಮ ಬರುತ್ತದೆ. ನೇರಳೆಯ ಎಲೆಗೂ ತನ್ನದೇ ಪರಿಮಳವಿದೆ, ಜೊತೆಗೆ ಎಲೆಯಂಚಿಗೆ ಹತ್ತಿರ ಸುತ್ತಲೂ ಓಡುವ ನರವೊಂದಿರುತ್ತದೆ. ಆದರೆ ಮೂಸುವ ಮುನ್ನ ತೊಟ್ಟು ಗೀರಿದಾಗ ಒಸರುವ ರಸ ಎಂಥದೆಂದು ನೋಡಿಕೊಳ್ಳುವುದು ಅಗತ್ಯ.

ರಸ, ಹಾಲು, ಅಂಟು

ಎಲೆಯ ತೊಟ್ಟನ್ನು ಚಾಕುವಿನ ಮೊನೆಯಿಂದ ಗೀರಿ ನೋಡಬೇಕೇ ಹೊರತು ಬರಿಗೈಯಲ್ಲಿ ಮುರಿಯಬಾರದು. ಬಿಳಿ ಹಾಲು ಬಂದರೆ ವಿಷ ಎಂಬ ನಂಬಿಕೆ ವ್ಯಾಪಕವಾಗಿದೆ. ಎಚ್ಚರಿಕೆಯಾಗಿ ಅದು ಸರಿ, ನಿಯಮವಾಗಿ ಸರಿಯಲ್ಲ: ಹಲಸು, ಅತ್ತಿ, ಸಪೋಟ ಮೂರರಲ್ಲೂ ಹಾಲಿದೆ. ಕವಳೆಯಲ್ಲೂ ಹಾಲಿದೆ, ಎದುರುಬದುರು ಎಲೆ, ಗಟ್ಟಿ ಮುಳ್ಳು, ನಕ್ಷತ್ರದಂಥ ಬಿಳಿ ಹೂವು, ಕೆಂಪಾಗಿ ಮುಂದೆ ಕಪ್ಪಾಗುವ ಹಣ್ಣು ಇವೆಲ್ಲ ಕೂಡಿದರೆ ಅದು ಕವಳೆ. ಕವಳೆಯಂತೆಯೇ ಕಣಗಿಲೆಯ ಕುಟುಂಬಕ್ಕೆ ಸೇರಿದ ಹಳದಿ ಕಣಗಿಲೆಗೆ ಮುಳ್ಳಿಲ್ಲ, ಎಲೆ ಕಿರಿದಾಗಿ ಉದ್ದಕ್ಕಿರುತ್ತದೆ, ಹೂವು ತುತ್ತೂರಿಯಾಕಾರದ ಹಳದಿ, ಕಾಯಿಗೆ ಏಣುಗಳಿದ್ದು ಹಸಿರಿನಿಂದ ಕಪ್ಪಿಗೆ ತಿರುಗುತ್ತದೆ. ಅದರ ಬೀಜದಲ್ಲಿರುವ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ.

ಕರಿಗೇರು, ಅಂದರೆ ಭಲ್ಲಾತಕ, ಬೇರೆಯೇ ಬಗೆಯ ಅಪಾಯ. ರೆಂಬೆಯ ತುದಿಯಲ್ಲಿ ಗುಂಪಾಗಿರುವ ದೊಡ್ಡ ಎಲೆಗಳು, ಕಿತ್ತಳೆ ಬಣ್ಣದ ಮಾಂಸಲ ಭಾಗದ ತುದಿಯಲ್ಲಿ ಕುಳಿತ ಕಪ್ಪು ಬೀಜ, ಇವು ಅದರ ಗುರುತು. ಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಗುಲಿದರೆ ಗುಳ್ಳೆಗಳೇಳುತ್ತವೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದುದು ಇದನ್ನೇ. ಬೀಜ ಬೇರ್ಪಡಿಸಿ ಕಿತ್ತಳೆ ಭಾಗವನ್ನು ತಿನ್ನುವವರಿದ್ದಾರೆ, ಆದರೆ ಅದು ಆ ಕೆಲಸ ಬಲ್ಲವರಿಗೆ ಬಿಟ್ಟ ಮಾತು.

ಹಣ್ಣನ್ನು ಕೊಯ್ದು ನೋಡುವುದು

ಹೂವಿನ ಹಸಿರು ಬಟ್ಟಲು ಹಣ್ಣಿನ ಯಾವ ತುದಿಯಲ್ಲಿ ಉಳಿದಿದೆ ಎಂಬುದನ್ನು ಕೊಯ್ಯುವ ಮೊದಲೇ ನೋಡಿಕೊಳ್ಳಬೇಕು. ಪೇರಲ, ದಾಳಿಂಬೆ, ಮಂಗಾರೆಗಳಲ್ಲಿ ಅದು ತೊಟ್ಟಿನ ಎದುರು ತುದಿಯಲ್ಲಿರುತ್ತದೆ. ಬೀಡಿ ಎಲೆಯ ಮರವಾದ ತೂಬರೆಯಲ್ಲಿ, ಬದನೆಕಾಯಿಯಲ್ಲಿರುವಂತೆ, ತೊಟ್ಟಿನ ಬಳಿಯಲ್ಲೇ ಹಣ್ಣನ್ನು ಹಿಡಿದುಕೊಂಡಿರುತ್ತದೆ. ಅನಂತರ ಅಡ್ಡಲಾಗಿ ಒಂದನ್ನು, ಉದ್ದಕ್ಕೆ ಇನ್ನೊಂದನ್ನು ಕೊಯ್ದು ಬೀಜಗಳೆಷ್ಟು, ಎಷ್ಟು ಕೋಣೆಗಳಿವೆ, ತಿರುಳಿನ ಬಣ್ಣವೇನು ಎಂದು ಬರೆದುಕೊಳ್ಳಬೇಕು. ಅಡುಗೆಮನೆಯ ಚಾಕು ಈ ಕೆಲಸಕ್ಕೆ ಬೇಡ.

ಕಿತ್ತಳೆಯಷ್ಟು ಗಾತ್ರದ, ಕಿತ್ತಳೆಯದೇ ಬಣ್ಣದ, ಗಟ್ಟಿ ಸಿಪ್ಪೆಯ ಹಣ್ಣಿನೊಳಗೆ ಲೋಳೆಯಂಥ ತಿರುಳೂ, ಅದರಲ್ಲಿ ಗುಂಡಿಯಂತೆ ಚಪ್ಪಟೆಯಾದ, ರೇಷ್ಮೆಯ ನವಿರಿರುವ ಬೂದು ಬೀಜಗಳೂ ಕಂಡರೆ ಅದು ಕಾಸರಕ. ಸ್ಟ್ರಿಕ್ನಿನ್ ಎಂಬ ಉಗ್ರ ವಿಷ ಇರುವುದು ಆ ಬೀಜಗಳಲ್ಲಿಯೇ. ಗಾತ್ರದಲ್ಲಿ ಅದನ್ನು ಹೋಲುವ ಬೇಲದ ಹಣ್ಣಿನ ಕರಟ ಬೂದುಬಿಳಿಯ ಬಣ್ಣದ್ದು, ಕಟ್ಟಿಗೆಯಷ್ಟು ಗಟ್ಟಿ. ಒಳಗಿನ ತಿರುಳು ಕಂದು. ಮರದಲ್ಲಿ ಮುಳ್ಳುಗಳಿದ್ದು, ಎಲೆ ಐದೋ ಏಳೋ ಕಿರುಎಲೆಗಳ ಸಂಯುಕ್ತ ಎಲೆ. ಕುತೂಹಲದ ಸಂಗತಿಯೆಂದರೆ, ಬಗ್ಗಡ ನೀರನ್ನು ತಿಳಿಯಾಗಿಸಲು ಪಾತ್ರೆಯೊಳಗೆ ತೇಯುತ್ತಿದ್ದ ಚಿಲ್ಲದ ಬೀಜದ ಮರವೂ ಕಾಸರಕದ ಸಮೀಪದ ಬಂಧುವೇ. ಬಂಧುತ್ವದಿಂದ ವಿಷವನ್ನೂ ಊಹಿಸಲಾಗದು, ನಿರ್ವಿಷತೆಯನ್ನೂ ಊಹಿಸಲಾಗದು.

ಮೂರು ಕೋಣೆಗಳಾಗಿ ಒಡೆಯುವ, ಕೋಣೆಗೊಂದು ಬೀಜವಿರುವ ಒಣ ಕಾಯಿ ಕಂಡರೆ ಹರಳಿನ ಕುಟುಂಬವನ್ನು ನೆನೆಯಬೇಕು. ಬೇಲಿಗೆ ನೆಡುವ ಕಾಡುಹರಳು, ಅಂದರೆ ಜಟ್ರೋಫಾ, ಈ ಬಗೆಯದು. ಅದರ ಬೀಜದ ರುಚಿ ಕೆಟ್ಟದಾಗಿಲ್ಲದಿರುವುದರಿಂದಲೇ ಮಕ್ಕಳು ಶೇಂಗಾದಂತೆ ತಿಂದು ವಾಂತಿ, ಭೇದಿಗೆ ಸಿಕ್ಕಿ ಆಸ್ಪತ್ರೆ ಸೇರುವ ಪ್ರಕರಣಗಳು ದೇಶದ ಹಲವೆಡೆ ಆಗಿವೆ. ಸುರುಳಿ ಸುತ್ತಿದ ಕೋಡಿನೊಳಗೆ ಬಿಳಿ ಅಥವಾ ಗುಲಾಬಿ ತಿರುಳೂ ಕಪ್ಪು ಬೀಜವೂ ಇದ್ದರೆ ಅದು ಬಹುತೇಕ ಸೀಮೆಹುಣಸೆ. ಜೋಡಿ ಜೋಡಿಯಾಗಿ ನಾಲ್ಕು ಕಿರುಎಲೆಗಳೂ ಸಣ್ಣ ಮುಳ್ಳುಗಳೂ ಇದ್ದರೆ ಅನುಮಾನವಿಲ್ಲ.

ಕಾಲವೂ ಒಂದು ಸಾಕ್ಷಿಯೇ. ಬೋರೆ ಸಂಕ್ರಾಂತಿಯ ಸುಮಾರಿಗೆ, ಬೇಲ ರಾಮನವಮಿಯ ಪಾನಕದ ಹೊತ್ತಿಗೆ, ತೂಬರೆ ಬೇಸಿಗೆಯಲ್ಲಿ, ನೇರಳೆ ಮುಂಗಾರು ಕಾಲೂರುವಾಗ, ಸೀತಾಫಲ ದಸರೆ ದೀಪಾವಳಿಗಳ ನಡುವೆ ಸಿಗುತ್ತವೆ. ದೀಪಾವಳಿಯಲ್ಲಿ ನೇರಳೆಯಂಥದು ಕಂಡರೆ ಅದು ನೇರಳೆಯೇ ಎಂದು ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು.

ನಂಬಬಾರದ ಪರೀಕ್ಷೆಗಳು

ಹಕ್ಕಿ ತಿಂದದ್ದನ್ನು ಮನುಷ್ಯ ತಿನ್ನಬಹುದು ಎಂಬುದು ಇವುಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಅಪಾಯಕಾರಿಯೂ ಆದ ನಂಬಿಕೆ. ಹುಚ್ಚುಬೇವಿನ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ. ಕಾಸರಕದ ತಿರುಳನ್ನು ಮಂಗಟ್ಟೆ ಹಕ್ಕಿಗಳು ತಿನ್ನುತ್ತವೆ. ಅವುಗಳ ಜೀರ್ಣಾಂಗ ಬೇರೆ. ಎಷ್ಟೋ ಸಲ ಬೀಜ ಒಡೆಯದೆ ಇಡಿಯಾಗಿ ಹೊರಬೀಳುತ್ತದೆ. ಮೇಕೆ ಮೇಯುವುದು, ಮಂಗ ಕೀಳುವುದು, ಇರುವೆ ಮುತ್ತುವುದು ಯಾವುದೂ ಪ್ರಮಾಣವಲ್ಲ. ಸಿಹಿಯಾದದ್ದು ಸುರಕ್ಷಿತ, ಕಹಿಯಾದದ್ದು ವಿಷ ಎಂಬುದೂ ನಿಲ್ಲುವುದಿಲ್ಲ. ಕಾಡುಹರಳಿನ ಮಾತು ಆಗಲೇ ಬಂದಿದೆ. ಬೇಯಿಸಿದರೆ ವಿಷ ಹೋಗುತ್ತದೆಂಬ ಧೈರ್ಯವೂ ಸಲ್ಲದು, ಕಣಗಿಲೆಯ ವಿಷ ಒಣಗಿಸಿದರೂ ಕುದಿಸಿದರೂ ಉಳಿಯುತ್ತದೆ.

ಚೂರು ತಿಂದು ಕೆಲವು ಗಂಟೆ ಕಾಯ್ದು ನೋಡುವ ಪದ್ಧತಿಯನ್ನು ಸಾಹಸಿಗರು ಶಿಫಾರಸು ಮಾಡುವುದುಂಟು. ಗುಲಗಂಜಿ ಬೀಜದ ವಿಷದ ಲಕ್ಷಣಗಳು ಕಾಣಿಸಿಕೊಳ್ಳಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು ಎಂಬುದನ್ನು ಬಲ್ಲವರು ಆ ಪದ್ಧತಿಯನ್ನು ಹೇಳಲಾರರು.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಮರದ ಬಳಿ ಇರುವಾಗಲೇ ಫೋಟೋಗಳನ್ನು ಸರಿಯಾಗಿ ತೆಗೆದುಕೊಳ್ಳಬೇಕು: ದೂರದಿಂದ ಇಡೀ ಮರ, ತೊಗಟೆ, ಎಲೆಗಳ ಜೋಡಣೆ ಕಾಣುವಂತೆ ಒಂದು ರೆಂಬೆ, ಎಲೆಯ ಮೇಲ್ಭಾಗ ಮತ್ತು ತಳಭಾಗ, ಹೂವಿದ್ದರೆ ಹೂವು, ಇಡೀ ಹಣ್ಣು, ಕೊಯ್ದ ಹಣ್ಣು. ಅಳತೆ ತಿಳಿಯಲು ಪಕ್ಕದಲ್ಲಿ ನಾಣ್ಯವೊಂದನ್ನಿಡಬೇಕು. ಹಣ್ಣಿನ ಒಂದೇ ಫೋಟೋ ಕಳುಹಿಸಿ ‘ಇದು ಯಾವುದು?’ ಎಂದು ಕೇಳಿದರೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಊಹೆಯನ್ನಷ್ಟೇ ಹೇಳಬಲ್ಲರು.

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್‌ನಂಥ ಮೊಬೈಲ್ ಆ್ಯಪ್‌ಗಳು ಹೆಸರಿನ ಸಲಹೆ ಕೊಡುತ್ತವೆ. ಆ ಹೆಸರನ್ನು ಉತ್ತರವೆಂದು ಹಿಡಿಯದೆ ಪ್ರಶ್ನೆಯೆಂದು ಹಿಡಿದು, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣದಲ್ಲಿ ಆ ಗಿಡದ ವಿವರಣೆಯನ್ನು ತೆರೆದು, ತಾವು ಬರೆದುಕೊಂಡ ಲಕ್ಷಣಗಳನ್ನು ಒಂದೊಂದಾಗಿ ಹೋಲಿಸಬೇಕು. ಒಂದು ಮುಖ್ಯ ಲಕ್ಷಣ ಹೊಂದದಿದ್ದರೂ ಆ ಹೆಸರನ್ನು ಬಿಡಬೇಕು. ಹೆಸರಿಗೆ ಮರವನ್ನು ಹೊಂದಿಸಲು ಹೋಗಬಾರದು.

ಆ್ಯಪ್‌ಗಿಂತ ಹೆಚ್ಚು ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಗೊಲ್ಲರಹಟ್ಟಿಗಳ ಕುರಿಗಾಹಿಗಳು, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಹಿರಿಯರು, ತಾಂಡಾಗಳ ಅಜ್ಜಿಯರು ಗುಡ್ಡದ ಗಿಡಗಳನ್ನು ನಿತ್ಯದ ಒಡನಾಟದಿಂದ ಅರಿತವರು. ಅವರನ್ನು ‘ಇದನ್ನು ತಿನ್ನಬಹುದೇನಜ್ಜಾ?’ ಎಂದಷ್ಟೇ ಕೇಳಿ ಬರಬಾರದು. ನೀವೇ ತಿಂದಿದ್ದೀರಾ, ಕಾಯೋ ಹಣ್ಣೋ, ಸಿಪ್ಪೆ ಮತ್ತು ಬೀಜವನ್ನು ಏನು ಮಾಡುತ್ತಿದ್ದಿರಿ, ಒಂದು ಸಲಕ್ಕೆ ಎಷ್ಟು ತಿನ್ನುತ್ತಿದ್ದಿರಿ ಎಂದು ಬಿಡಿಸಿ ಕೇಳಬೇಕು, ಮತ್ತು ಆದಷ್ಟೂ ಅವರನ್ನು ಮರದ ಬಳಿಗೇ ಕರೆದೊಯ್ಯಬೇಕು. ಒಬ್ಬರು ಹೇಳಿದ್ದನ್ನು ಅವರೊಡನೆ ಮಾತನಾಡಿರದ ಇನ್ನೊಬ್ಬರಲ್ಲಿಯೂ ಕೇಳಿ ತಾಳೆ ನೋಡುವುದು ಅಗೌರವವಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಸಮೀಪದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಇವುಗಳಲ್ಲಿ ಕೇಳಲು ಹೋಗುವಾಗ ಎಲೆ, ಹಣ್ಣು ಎರಡೂ ಇರುವ ರೆಂಬೆಯನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು ಒಯ್ಯುವುದು ಉತ್ತಮ. ವನ್ಯಜೀವಿಧಾಮದೊಳಗಿನ ಮರವಾದರೆ ರೆಂಬೆ ಮುರಿಯುವಂತಿಲ್ಲ. ಅಲ್ಲಿ ಫೋಟೋ ಸಾಕು.

ಗುರುತು ಖಚಿತವಾದ ಮೇಲೆ

ತಿನ್ನುವ ಹಣ್ಣೆಂದು ಗೊತ್ತಾದರೂ ತಿನ್ನುವ ಭಾಗ ಯಾವುದೆಂಬುದು ಉಳಿಯುತ್ತದೆ. ಸೀತಾಫಲದ ತಿರುಳನ್ನು ಯಾರೂ ಸಂಶಯಿಸುವುದಿಲ್ಲ, ಆದರೆ ಅದರ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಗಂಭೀರ ಹಾನಿ ಮಾಡುತ್ತದೆ. ಹೇನಿಗೆಂದು ಅದನ್ನು ತಲೆಗೆ ಹಚ್ಚುವ ರೂಢಿ ಈ ಕಾರಣಕ್ಕೇ ಒಳ್ಳೆಯದಲ್ಲ. ಬೇಲಿಯ ಲಂಟಾನದ ಹಸಿರು ಕಾಯಿ ವಿಷಕಾರಿ. ಕಕ್ಕೆಕಾಯಿಯ ಕಪ್ಪು ತಿರುಳು ಸಿಹಿಯಾಗಿದ್ದರೂ ಭೇದಿಯ ಔಷಧ. ಮೊದಲ ಸಲ ತಿನ್ನುವವರು ಪೂರ್ತಿ ಮಾಗಿದ ಒಂದೆರಡು ಹಣ್ಣಿನ ತಿರುಳನ್ನಷ್ಟೇ, ಬೀಜ ಜಗಿಯದೆ ತಿನ್ನಬೇಕು. ಮಕ್ಕಳಿಗೂ ಬಸುರಿಯರಿಗೂ ಹೊಸ ಹಣ್ಣು ಬೇಡ. ಮರ ದಾಳಿಂಬೆ ತೋಟದ ಅಂಚಿನಲ್ಲೋ ಮೆಕ್ಕೆಜೋಳದ ಹೊಲದ ಬದುವಿನಲ್ಲೋ ಇದ್ದರೆ ಇತ್ತೀಚೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ಹೊಲದವರನ್ನು ವಿಚಾರಿಸಬೇಕು, ಏಕೆಂದರೆ ಅಲ್ಲಿ ಹಣ್ಣು ನಿರ್ವಿಷವಾಗಿದ್ದರೂ ಅದರ ಮೇಲೆ ಬಿದ್ದದ್ದು ಹಾಗಿರಲಾರದು.

ಯಾರಾದರೂ ಗುರುತಿಲ್ಲದ ಹಣ್ಣನ್ನೋ ಬೀಜವನ್ನೋ ತಿಂದುಬಿಟ್ಟಿದ್ದರೆ ಲಕ್ಷಣಗಳಿಗಾಗಿ ಕಾಯಬಾರದು. ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳು ಹಾಕಿಯೋ ವಾಂತಿ ಮಾಡಿಸಬಾರದು. ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ದೂರವಾಣಿ 1800 116 117. ತಿಂದು ಉಳಿದ ಹಣ್ಣು, ಬೀಜ, ಎಲೆಯಿರುವ ರೆಂಬೆ ಇವುಗಳನ್ನು ಚೀಲವೊಂದರಲ್ಲಿ ಹಾಕಿ ಜೊತೆಗೇ ಕೊಂಡೊಯ್ದು, ಎಷ್ಟು ಹೊತ್ತಿಗೆ ಎಷ್ಟು ತಿಂದರು, ಬೀಜ ಜಗಿದರೋ ನುಂಗಿದರೋ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಹಳದಿ ಕಣಗಿಲೆಯ ಬೀಜವಾಗಿದ್ದರೆ ರೋಗಿ ಆ ಕ್ಷಣಕ್ಕೆ ಚೆನ್ನಾಗಿ ಕಂಡರೂ ಹೃದಯದ ಬಡಿತದ ಮೇಲೆ ನಿಗಾ ಇಡಬೇಕಾಗುತ್ತದೆಯಾದ್ದರಿಂದ, ವೈದ್ಯರು ಹೇಳುವವರೆಗೆ ಮನೆಗೆ ಕರೆತರಬಾರದು.